ಸೈಕಲ್ ಜಾಥಾಕ್ಕೆ ಕೈಯಾರೆ ಫಲಕ ಮಾಡುವ ಬಗೆ

ಸೈಕಲ್ ಜಾಥಾದ ಫಲಕವನ್ನು ಯಾರೂ ಅದರ ಮುಂದೆ ನಿಂತು ಓದುವುದಿಲ್ಲ. ಫಲಕವೂ ಓಡುತ್ತಿರುತ್ತದೆ, ಎಷ್ಟೋ ಸಲ ಓದುವವರೂ ವಾಹನದಲ್ಲಿ ಓಡುತ್ತಿರುತ್ತಾರೆ. ಸಭೆಗೆಂದೋ ಕಾಲ್ನಡಿಗೆಯ ಮೆರವಣಿಗೆಗೆಂದೋ ಬರೆದ ಫಲಕವನ್ನೇ ತಂದು ಸೈಕಲ್ಲಿಗೆ ಕಟ್ಟಿದರೆ, ಅದು ಎಷ್ಟೇ ಅಂದವಾಗಿದ್ದರೂ, ದಾರಿಬದಿಯಲ್ಲಿ ನಿಂತವರಿಗೆ ಬರೀ ಬಣ್ಣವಾಗಿ ಕಂಡು ಮರೆಯಾಗುತ್ತದೆಯೇ ಹೊರತು ಮಾತಾಗಿ ತಲುಪುವುದಿಲ್ಲ. ಇದಕ್ಕಿಂತ ಮುಖ್ಯವಾದ ಇನ್ನೊಂದು ವ್ಯತ್ಯಾಸವಿದೆ: ಕೈಯಲ್ಲಿ ಹಿಡಿದ ಫಲಕ ಗಾಳಿಗೆ ತಿರುಗಿದರೆ ತೋಳು ನೋಯುತ್ತದೆ, ಅಷ್ಟೇ, ಸೈಕಲ್ಲಿಗೆ ಕಟ್ಟಿದ ಫಲಕ ತಿರುಗಿದರೆ ಸವಾರನೂ ಅವನ ಬೆನ್ನಹಿಂದೆ ಬರುತ್ತಿರುವ ನಾಲ್ಕಾರು ಜನರೂ ನೆಲಕ್ಕೆ ಬೀಳಬಹುದು. ಆದ್ದರಿಂದ ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲೇ ಎರಡು ಸಂಗತಿಗಳನ್ನು ನಿಶ್ಚಯಿಸಿಕೊಳ್ಳಬೇಕು: ಓದುವವರಿಗೆ ಎಷ್ಟು ಸೆಕೆಂಡು ಸಿಗುತ್ತದೆ, ಮತ್ತು ಸೈಕಲ್ಲಿನ ಯಾವ ಭಾಗಕ್ಕೆ ಕಟ್ಟಿದರೆ ಸವಾರಿಗೆ ತೊಡಕಾಗುವುದಿಲ್ಲ. ಮಾತಿನ ಉದ್ದ, ಅಕ್ಷರದ ಗಾತ್ರ, ಹಲಗೆಯ ಬಗೆ ಎಲ್ಲವೂ ಇವೆರಡನ್ನೇ ಅನುಸರಿಸುತ್ತವೆ.

ಓದುವವರಿಗೆ ಸಿಗುವ ಸಮಯ

ಎಲ್ಲ ವಯಸ್ಸಿನವರೂ ಸೇರಿ ಹೊರಡುವ ಜಾಥಾ ಸಾಮಾನ್ಯವಾಗಿ ಗಂಟೆಗೆ 12ರಿಂದ 15 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಗಂಟೆಗೆ 15 ಕಿ.ಮೀ. ಎಂದರೆ ಸೆಕೆಂಡಿಗೆ ನಾಲ್ಕು ಮೀಟರಿಗಿಂತ ತುಸು ಹೆಚ್ಚು. ದಾರಿಬದಿಯಲ್ಲಿ ನಿಂತವರಿಗೆ ಸೈಕಲ್ಲಿನ ಪಕ್ಕದ ಫಲಕ ಸುಮಾರು 20 ಮೀಟರ್ ಉದ್ದಕ್ಕೆ ಕಾಣುತ್ತದೆ ಎಂದಿಟ್ಟುಕೊಂಡರೂ ಅದು ಐದು ಸೆಕೆಂಡಿನ ಮಾತು. ಅದರಲ್ಲೂ ಸೈಕಲ್ ದೂರದಲ್ಲಿರುವಾಗ ಫಲಕ ಓರೆಯಾಗಿ ಕಂಡು ಅಕ್ಷರಗಳು ಒಂದಕ್ಕೊಂದು ಒತ್ತಿಕೊಂಡಂತೆ ತೋರುವುದರಿಂದ, ಸರಿಯಾಗಿ ಓದಲು ಸಿಗುವುದು ಮೂರೇ ಸೆಕೆಂಡು. ಎದುರಿನಿಂದ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬರುವ ವಾಹನದವರಿಗೆ ಅದೇ 20 ಮೀಟರ್ ಕಳೆಯಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಸಾಕು. ಆದರೆ ಹಿಂದಿನಿಂದ ಬರುವ ವಾಹನದ ಸ್ಥಿತಿ ಬೇರೆ. ಜಾಥಾವನ್ನು ದಾಟಲು ಜಾಗ ಸಿಗುವವರೆಗೆ ಅದು ಸೈಕಲ್ಲುಗಳ ವೇಗದಲ್ಲೇ ಹಿಂಬಾಲಿಸಬೇಕಾಗುತ್ತದೆ, ಅಷ್ಟು ಹೊತ್ತೂ ಚಾಲಕನ ದೃಷ್ಟಿ ಕೊನೆಯ ಸವಾರರ ಬೆನ್ನಿನ ಮೇಲೇ ಇರುತ್ತದೆ.

ಇದರಿಂದ ಒಂದು ಉಪಯುಕ್ತ ನಿಯಮ ಸಿಗುತ್ತದೆ. ಮುಂದೆ ಕಟ್ಟುವ ಫಲಕಕ್ಕೆ ಎರಡು ಪದ, ಪಕ್ಕದ ಫಲಕಕ್ಕೆ ಮೂರೋ ನಾಲ್ಕೋ ಪದ, ಹಿಂದಿನ ಫಲಕಕ್ಕೆ ಆರೇಳು ಪದದ ಪೂರ್ಣ ವಾಕ್ಯ. ಹೆಚ್ಚಿನ ಜಾಥಾಗಳಲ್ಲಿ ಎಲ್ಲರೂ ಮುಂದಿನ ಫಲಕವನ್ನೇ ಹೆಚ್ಚು ಶ್ರದ್ಧೆಯಿಂದ ಮಾಡುತ್ತಾರೆ, ಹಿಂಬದಿ ಖಾಲಿ ಉಳಿದಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಕೆಲಸವನ್ನು ಹಿಂಬದಿಯಿಂದಲೇ ಆರಂಭಿಸಬೇಕು, ಏಕೆಂದರೆ ನಾವು ಹೇಳಬೇಕಾದದ್ದನ್ನು ಎಲ್ಲರಿಗಿಂತ ಹೆಚ್ಚಾಗಿ ಕೇಳಿಸಿಕೊಳ್ಳಬೇಕಾದವರು ನಮ್ಮ ಹಿಂದೆಯೇ ವಾಹನ ಓಡಿಸುತ್ತಿರುತ್ತಾರೆ.

ಮಾತನ್ನು ಆರಿಸುವಾಗ

1970ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ರಸ್ತೆ ಅಪಘಾತಗಳಲ್ಲಿ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದಾಗ ತಂದೆತಾಯಂದಿರು ಬೀದಿಗಿಳಿದು ನಡೆಸಿದ ಚಳವಳಿಯ ಹೆಸರು ‘ಸ್ಟಾಪ್ ಡೆ ಕಿಂಡರ್‌ಮೋರ್ಡ್’, ಅಂದರೆ ‘ಮಕ್ಕಳ ಕೊಲೆ ನಿಲ್ಲಿಸಿ’. ಮೂರೇ ಪದಗಳು, ಯಾರಿಗೆ ಏನಾಗುತ್ತಿದೆ, ಏನು ಮಾಡಬೇಕು ಎಂಬ ಎರಡೂ ಅದರಲ್ಲಿದ್ದವು. ಒಳ್ಳೆಯ ಫಲಕದ ಮಾತು ಹೀಗೆ ಏನಾದರೊಂದನ್ನು ಕೇಳುತ್ತದೆ. ‘ಸುರಕ್ಷಿತ ಸೈಕಲ್ ಮಾರ್ಗಗಳನ್ನು ನಿರ್ಮಿಸಬೇಕೆಂದು ಆಗ್ರಹಿಸುತ್ತೇವೆ’ ಎಂಬುದು ಮನವಿಪತ್ರದ ಭಾಷೆ. ಫಲಕದ ಭಾಷೆಯಲ್ಲಿ ಅದು ‘ಸೈಕಲ್ ಪಥ ಬೇಕು’. ‘ಪರಿಸರ ಉಳಿಸಿ’ ಎಂಬಂಥ ಎಲ್ಲಿಗಾದರೂ ಸಲ್ಲುವ ಮಾತುಗಳಿಗಿಂತ, ಆ ಜಾಥಾ ಯಾವ ಬೇಡಿಕೆಗಾಗಿ ಹೊರಟಿದೆಯೋ ಅದನ್ನೇ ನೇರವಾಗಿ ಬರೆಯುವುದು ಹೆಚ್ಚು ಫಲಕಾರಿ. ಶಾಲೆಯ ದಾರಿಗಾಗಿ ಹೊರಟ ಜಾಥಾವಾದರೆ ‘ಶಾಲೆಗೆ ಸೈಕಲ್ ದಾರಿ ಕೊಡಿ’ ಎಂದಿರಲಿ.

ಹಿಂಬದಿಯ ಫಲಕದಲ್ಲಿ ಚಾಲಕನು ಆ ಕ್ಷಣವೇ ಪಾಲಿಸಬಹುದಾದ ಮಾತಿದ್ದರೆ ಇನ್ನೂ ಒಳ್ಳೆಯದು. ಸ್ಪೇನ್, ಜರ್ಮನಿ ಮೊದಲಾದ ದೇಶಗಳ ಸಂಚಾರ ನಿಯಮಗಳು ಸೈಕಲ್ಲನ್ನು ಹಿಂದಿಕ್ಕುವ ವಾಹನ ಕನಿಷ್ಠ 1.5 ಮೀಟರ್ ಅಂತರ ಬಿಡಬೇಕೆಂದು ಹೇಳುತ್ತವೆ. ನಿಯಮ ಇಲ್ಲದ ಕಡೆಯಲ್ಲೂ ಕೇಳಿಕೊಳ್ಳಲು ಅದು ನ್ಯಾಯವಾದ ಅಳತೆ. ‘ಹಿಂದಿಕ್ಕುವಾಗ 1.5 ಮೀ. ಜಾಗ ಬಿಡಿ’ ಎಂದು ಬರೆದು, ಕೆಳಗೆ ಸೈಕಲ್ಲು ಮತ್ತು ಕಾರಿನ ನಡುವೆ ಎರಡೂ ಕಡೆ ಮೊನೆಯಿರುವ ಬಾಣವನ್ನು ಬಿಡಿಸಿದರೆ ಓದು ಬಾರದವರಿಗೂ ಅರ್ಥವಾಗುತ್ತದೆ. ಇಲ್ಲಿ ‘ಒಂದೂವರೆ’ ಎಂದು ಅಕ್ಷರದಲ್ಲಿ ಬರೆಯುವುದಕ್ಕಿಂತ ಅಂಕಿಯೇ ಬೇಗ ಕಣ್ಣಿಗೆ ಹತ್ತುತ್ತದೆ.

ಒಬ್ಬೊಬ್ಬರ ಸೈಕಲ್ಲಿಗೆ ಒಂದೊಂದು ಪದ ಕಟ್ಟಿ ಸಾಲಾಗಿ ಹೋದಾಗ ವಾಕ್ಯವಾಗುವಂತೆ ಮಾಡುವ ಯೋಚನೆ ಬಹಳ ಜನರಿಗೆ ಬರುತ್ತದೆ. ಚಿತ್ರ ತೆಗೆಯಲು ನಿಂತಾಗ ಅದು ಚೆಂದವೇ. ಜಾಥಾ ಹೊರಟ ಮೇಲೆ ಮಾತ್ರ ಒಬ್ಬರು ಮುಂದಾಗುತ್ತಾರೆ, ಒಬ್ಬರು ಚೈನು ಬಿದ್ದು ನಿಲ್ಲುತ್ತಾರೆ, ವಾಕ್ಯ ಚದುರಿಹೋಗುತ್ತದೆ. ಪ್ರತಿ ಫಲಕವೂ ತಾನೊಂದೇ ಇದ್ದರೂ ಅರ್ಥ ಕೊಡುವಂತಿರಬೇಕು.

ಕನ್ನಡದ ಅಕ್ಷರಗಳನ್ನು ದೂರಕ್ಕೆ ಬರೆಯುವುದು

ಈ ವಿಷಯಕ್ಕೆ ಸ್ವಲ್ಪ ಹೆಚ್ಚು ಗಮನ ಕೊಡಬೇಕು, ಏಕೆಂದರೆ ಫಲಕಗಳ ಕುರಿತು ಸಿಗುವ ಬಹುಪಾಲು ಸಲಹೆಗಳು ರೋಮನ್ ಲಿಪಿಯ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡವು. ಆ ಅಕ್ಷರಗಳು ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರಗಳಿಗೆ ಮೇಲೆ ಗುಡಿಸು, ತಲೆಕಟ್ಟು, ಬಲಕ್ಕೆ ಕೊಂಬು, ದೀರ್ಘ, ಕೆಳಗೆ ಒತ್ತು. ಅಕ್ಷರದ ಎತ್ತರ 9 ಸೆಂ.ಮೀ. ಇದ್ದರೆ ಒತ್ತಕ್ಷರಕ್ಕೆ ಕೆಳಗೆ ಇನ್ನೂ ನಾಲ್ಕೈದು ಸೆಂ.ಮೀ. ಬೇಕಾಗುತ್ತದೆ. ಹಾಗಾಗಿ ಎರಡು ಸಾಲುಗಳ ನಡುವೆ ಅಕ್ಷರದ ಎತ್ತರದ ಮುಕ್ಕಾಲು ಭಾಗದಷ್ಟಾದರೂ ಜಾಗ ಬಿಡಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆದು ಎರಡೂ ಕೆಡುತ್ತವೆ.

ಜಾಗ ಇಕ್ಕಟ್ಟಾಗಿದ್ದರೆ ಒತ್ತಕ್ಷರ ಕಡಿಮೆಯಿರುವ ಮಾತನ್ನೇ ಹುಡುಕುವುದು ಮೇಲು. ‘ರಸ್ತೆ ಎಲ್ಲರದ್ದು’ ಎಂಬ ಎರಡೇ ಪದದ ಮಾತಿನಲ್ಲಿ ಮೂರು ಒತ್ತುಗಳಿವೆ. ‘ದಾರಿ ನಮಗೂ ಇರಲಿ’ ಎಂಬ ಮೂರು ಪದಗಳಲ್ಲಿ ಒಂದೂ ಇಲ್ಲ. ಎರಡನೆಯದನ್ನು ಅದೇ ಹಲಗೆಯ ಮೇಲೆ ಇನ್ನಷ್ಟು ದೊಡ್ಡದಾಗಿ ಬರೆಯಬಹುದು.

ಗಾತ್ರದ ಲೆಕ್ಕ ಹೀಗಿದೆ. ಕಣ್ಣಿನ ಪರೀಕ್ಷೆಯಲ್ಲಿ 6/6 ಎನ್ನಿಸಿಕೊಳ್ಳುವ ದೃಷ್ಟಿಯವರು 6 ಮೀಟರ್ ದೂರದಲ್ಲಿ ಸುಮಾರು 9 ಮಿ.ಮೀ. ಎತ್ತರದ ಅಕ್ಷರವನ್ನು ಗುರುತಿಸಬಲ್ಲರು. ಅದೇ ಲೆಕ್ಕದಲ್ಲಿ 20 ಮೀಟರಿಗೆ ಸುಮಾರು 3 ಸೆಂ.ಮೀ. ಆದರೆ ಇದು ಸುಮ್ಮನೆ ಕುಳಿತು, ಪ್ರಯತ್ನಪಟ್ಟು, ಬಿಡಿ ಅಕ್ಷರವನ್ನು ಗುರುತಿಸುವ ಕೊನೆಯ ಮಿತಿ. ಚಲಿಸುವ ಫಲಕವನ್ನು ಆಯಾಸವಿಲ್ಲದೆ ಓದಬೇಕಾದರೆ ಅದರ ಮೂರು ಪಟ್ಟು, ಅಂದರೆ 9 ಸೆಂ.ಮೀ. ಬೇಕು. ಒತ್ತು, ಗುಡಿಸುಗಳನ್ನು ಬಿಟ್ಟು ಅಕ್ಷರದ ಮೈಯಷ್ಟೇ ಈ ಎತ್ತರದಲ್ಲಿರಬೇಕು. ಗೆರೆಯ ದಪ್ಪ ಎತ್ತರದ ಆರನೇ ಒಂದು ಭಾಗ, ಅಂದರೆ ಒಂದೂವರೆ ಸೆಂ.ಮೀ. ಇದ್ದರೆ ಸಾಕು. ಇನ್ನೂ ದಪ್ಪ ಮಾಡುವ ಆಸೆ ಬೇಡ, ಏಕೆಂದರೆ ಕನ್ನಡದ ಅಕ್ಷರಗಳು ದೂರದಿಂದ ಗುರುತು ಸಿಗುವುದು ಅವುಗಳ ಒಳಗಿನ ಖಾಲಿ ಜಾಗದಿಂದ. ‘ಪಥ’ ಎಂಬುದರಲ್ಲಿ ‘ಥ’ದ ಹೊಟ್ಟೆಯೊಳಗಿನ ಚುಕ್ಕೆಗೆ ಸುತ್ತಲೂ ಉಸಿರಾಡಲು ಜಾಗವಿಲ್ಲದಿದ್ದರೆ ಅದು ಬಣ್ಣದಲ್ಲಿ ಮುಳುಗಿ ‘ಧ’ ಆಗುತ್ತದೆ. ‘ಷ’ದ ಒಳಗೆರೆ ಮುಚ್ಚಿದರೆ ‘ಪ’ ಆಗುತ್ತದೆ. ಮಹಾಪ್ರಾಣದ ಸೀಳು ತುಂಬಿಕೊಂಡರೆ ‘ಧ’ ಮತ್ತು ‘ದ’ ಒಂದೇ.

ಅಕ್ಷರಗಳನ್ನು ಅಗಲವಾಗಿ, ದುಂಡಗೆ, ಬಿಡಿಬಿಡಿಯಾಗಿ ಬರೆಯಬೇಕು. ಅಗಲವೂ ಎತ್ತರದಷ್ಟೇ ಎಂದು ಹಿಡಿದರೆ, 60 ಸೆಂ.ಮೀ. ಅಗಲದ ಹಲಗೆಯಲ್ಲಿ ಅಂಚಿಗೆ ಎರಡೂ ಕಡೆ ನಾಲ್ಕು ನಾಲ್ಕು ಸೆಂ.ಮೀ. ಬಿಟ್ಟರೆ ಒಂದು ಸಾಲಿಗೆ ಐದು ಅಕ್ಷರ ಹಿಡಿಸುತ್ತದೆ. ‘ಸೈಕಲ್ ಪಥ’ ಒಂದು ಸಾಲು, ‘ಬೇಕು’ ಇನ್ನೊಂದು ಸಾಲು.

ಸಾಲಿನ ಕೊನೆಯಲ್ಲಿ ಜಾಗ ಸಾಲದೆ ದೀರ್ಘವೂ ಕೊಂಬೂ ಅಂಚಿಗೆ ಸಿಕ್ಕಿಕೊಳ್ಳುವುದು ಕೈಬರಹದ ಫಲಕಗಳಲ್ಲಿ ಎಲ್ಲೆಡೆ ಕಾಣುವ ದೋಷ. ಇದನ್ನು ತಪ್ಪಿಸಲು ಮೊದಲು ಉದ್ದನೆಯ ಕಾಗದದ ಪಟ್ಟಿಯ ಮೇಲೆ ಪದವನ್ನು ಅದೇ ಗಾತ್ರದಲ್ಲಿ ಪೆನ್ಸಿಲ್ಲಿನಿಂದ ಬರೆದು, ಆ ಪಟ್ಟಿಯನ್ನು ಪದದ ಅಳತೆಗೆ ಕತ್ತರಿಸಿ, ಸರಿಯಾಗಿ ಎರಡಾಗಿ ಮಡಿಸಬೇಕು. ಮಡಿಕೆಯ ಗುರುತನ್ನು ಹಲಗೆಯ ನಡುಗೆರೆಗೆ ಕೂಡಿಸಿದರೆ ಪದ ತಾನಾಗಿಯೇ ಮಧ್ಯಕ್ಕೆ ಬರುತ್ತದೆ. ಪಟ್ಟಿಯ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನೋ, ಹಲಗೆ ಕಪ್ಪಗಿದ್ದರೆ ಸೀಮೆಸುಣ್ಣವನ್ನೋ ಚೆನ್ನಾಗಿ ಉಜ್ಜಿ, ಮುಂದಿನಿಂದ ಅಕ್ಷರದ ಅಂಚನ್ನು ಒತ್ತಿ ತಿದ್ದಿದರೆ ಅಚ್ಚು ಹಲಗೆಯ ಮೇಲೆ ಮೂಡುತ್ತದೆ.

ಕೈಬರಹದ ಮೇಲೆ ಭರವಸೆ ಇಲ್ಲದವರು ಕಂಪ್ಯೂಟರಿನಲ್ಲಿ ದಪ್ಪನೆಯ ಅಕ್ಷರಗಳನ್ನು ಎ4 ಹಾಳೆಗಳಲ್ಲಿ ಮುದ್ರಿಸಿ ಜೋಡಿಸಿಕೊಳ್ಳಬಹುದು. ಆಗ ‘ಸೈಕಲ್‌ಗೆ’ ಎಂದು ಟೈಪಿಸುವಾಗ ಲ್ ಮತ್ತು ಗೆ ಒಂದಾಗಿ ಒತ್ತಕ್ಷರವಾಗದಂತೆ ನಡುವೆ ಜೋಡಣೆ ತಡೆಯುವ ಕೀಲಿಯನ್ನು ಒತ್ತಬೇಕು. ಒಂದೇ ಮಾತನ್ನು ಹತ್ತಾರು ಫಲಕಗಳಿಗೆ ಬರೆಯುವುದಿದ್ದರೆ ಕೊರೆದ ಅಚ್ಚು, ಅಂದರೆ ಸ್ಟೆನ್ಸಿಲ್, ಸಮಯ ಉಳಿಸುತ್ತದೆ. ಆದರೆ ಸೊನ್ನೆ, ‘ಠ’, ‘ರ’ ಮುಂತಾದ ಸುತ್ತಲೂ ಮುಚ್ಚಿದ ಆಕಾರಗಳನ್ನು ಇದ್ದಂತೆಯೇ ಕೊರೆದರೆ ಒಳಗಿನ ತುಂಡು ಉದುರಿಹೋಗುತ್ತದೆ. ಪ್ರತಿಯೊಂದಕ್ಕೂ ಎರಡು ಕಡೆ ಅರ್ಧ ಸೆಂ.ಮೀ. ಅಗಲದ ಸೇತುವೆ ಬಿಟ್ಟು ಕೊರೆಯಬೇಕು, ಬಣ್ಣ ಹೊಡೆದ ಮೇಲೆ ಆ ಬಿರುಕನ್ನು ಕುಂಚದಿಂದ ಮುಚ್ಚಬೇಕು.

ಹಲಗೆ ಮತ್ತು ಬಣ್ಣ

ಒಂದೇ ದಿನದ ಜಾಥಾಕ್ಕೆ, ಮಳೆಯ ಸೂಚನೆ ಇಲ್ಲದಿದ್ದರೆ, ಪೆಟ್ಟಿಗೆಯ ರಟ್ಟು ಸಾಕು. ರಟ್ಟಿನ ದೌರ್ಬಲ್ಯ ಇರುವುದು ಅದರ ಅಂಚಿನಲ್ಲಿ. ಒಳಗಿನ ಅಲೆಯಾಕಾರದ ಕಾಗದ ಅಂಚಿನಿಂದ ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಆದ್ದರಿಂದ ನಾಲ್ಕೂ ಅಂಚುಗಳಿಗೆ ಅಗಲವಾದ ಟೇಪನ್ನು ಅರ್ಧ ಮುಂದಕ್ಕೆ ಅರ್ಧ ಹಿಂದಕ್ಕೆ ಬರುವಂತೆ ಮಡಿಸಿ ಅಂಟಿಸಿದರೆ ಸಣ್ಣ ಹನಿಮಳೆಯನ್ನು ತಾಳಿಕೊಳ್ಳುತ್ತದೆ. ಫಲಕವನ್ನು ಸೈಕಲ್ಲಿಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ, ಅಂದರೆ ಕೇಬಲ್ ಟೈ, ಹಾಯಿಸುವ ತೂತುಗಳ ಸುತ್ತಲೂ ಎರಡೂ ಬದಿಗೆ ಟೇಪಿನ ತುಂಡು ಅಂಟಿಸಿಯೇ ತೂತು ಕೊರೆಯಬೇಕು, ಇಲ್ಲದಿದ್ದರೆ ಮೊದಲ ಗುಂಡಿಯಲ್ಲೇ ರಟ್ಟು ಹರಿಯುತ್ತದೆ.

ಮತ್ತೆ ಮತ್ತೆ ಬಳಸುವುದಾದರೆ ಒಳಗೆ ಕೊಳವೆಸಾಲುಗಳಿರುವ 4 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಗೆ ಸಮನಾದದ್ದಿಲ್ಲ. 60 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ತುಂಡು ಇನ್ನೂರು ಗ್ರಾಂ ಆಸುಪಾಸು ತೂಗುತ್ತದೆ; ಅಷ್ಟೇ ಗಾತ್ರದ 6 ಮಿ.ಮೀ. ಪ್ಲೈವುಡ್ ಸುಮಾರು ಒಂದು ಕಿಲೋ ಆಗುತ್ತದೆ, ಮೇಲಾಗಿ ಬಿದ್ದಾಗ ಅದರ ಮೂಲೆ ಗಾಯ ಮಾಡುತ್ತದೆ. ಮರ, ತಗಡು, ಗಾಜಿನ ನಾರಿನ ಹಲಗೆಗಳನ್ನು ಸೈಕಲ್ಲಿನ ಮೇಲೆ ಕಟ್ಟಲೇಬಾರದು. ಥರ್ಮಾಕೋಲು ಹಗುರವಾದರೂ ಮುರಿದು ಚೂರುಚೂರಾಗಿ ದಾರಿಯುದ್ದಕ್ಕೂ ಕಸವಾಗುವುದರಿಂದ ಅದೂ ಬೇಡ. ಹಳೆಯ ಹತ್ತಿಬಟ್ಟೆ ಮಾತ್ರ ಎಲ್ಲರೂ ಮರೆಯುವ ಒಳ್ಳೆಯ ವಸ್ತು: ಬೆನ್ನಿಗೆ ತೊಡುವ ಫಲಕಕ್ಕೆ ಅದಕ್ಕಿಂತ ಸುರಕ್ಷಿತವಾದದ್ದು ಇನ್ನೊಂದಿಲ್ಲ.

ರಟ್ಟಿಗೂ ಬಟ್ಟೆಗೂ ಅಕ್ರಿಲಿಕ್ ಬಣ್ಣ ಹೊಂದುತ್ತದೆ. ಹಚ್ಚುವಾಗ ನೀರಿನಲ್ಲಿ ಕರಗುವ ಈ ಬಣ್ಣ ಒಣಗಿದ ಮೇಲೆ ಕರಗುವುದಿಲ್ಲ. ಪೋಸ್ಟರ್ ಬಣ್ಣವಾದರೆ ಒಣಗಿದ ಮೇಲೂ ಮಳೆಗೆ ಹರಿಯುತ್ತದೆ. ಪ್ಲಾಸ್ಟಿಕ್ ಹಾಳೆ ಬಣ್ಣವನ್ನು ಸುಲಭವಾಗಿ ಹಿಡಿದುಕೊಳ್ಳುವುದಿಲ್ಲ. ಸೋಪುನೀರಿನಿಂದ ಒರೆಸಿ, ಒಣಗಿದ ಮೇಲೆ ನಯವಾದ ಮರಳುಕಾಗದದಿಂದ ಹೊಳಪು ಹೋಗುವಷ್ಟು ಉಜ್ಜಿ, ಆಮೇಲೆ ತೆಳುವಾಗಿ ಎರಡು ಸಲ ಬಣ್ಣ ಕೊಡಬೇಕು. ಇದಕ್ಕೂ ಸುಲಭದ ದಾರಿಯೆಂದರೆ ಅಂಟುವ ವಿನೈಲ್ ಹಾಳೆಯಲ್ಲಿ ಅಕ್ಷರಗಳನ್ನು ಕತ್ತರಿಸಿ ಅಂಟಿಸುವುದು.

ಬಣ್ಣದ ಆಯ್ಕೆಯಲ್ಲಿ ಮುಖ್ಯವಾದದ್ದು ಗಾಢ–ತಿಳಿ ಛಾಯೆಗಳ ಅಂತರ. ಹಳದಿಯ ಮೇಲೆ ಕಪ್ಪು, ಬಿಳಿಯ ಮೇಲೆ ಕಡುನೀಲಿ, ಕಡುಹಸಿರಿನ ಮೇಲೆ ಬಿಳಿ, ಇವು ದೂರಕ್ಕೆ ಎದ್ದು ಕಾಣುತ್ತವೆ. ಕೆಂಪಿನ ಮೇಲೆ ಹಸಿರನ್ನು, ಹಸಿರಿನ ಮೇಲೆ ಕೆಂಪನ್ನು ಬರೆಯಬಾರದು, ಆ ಎರಡು ಬಣ್ಣಗಳ ಭೇದ ಕಾಣದವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಜಾಥಾ ಸಂಜೆಯ ಹೊತ್ತಿನಲ್ಲಿದ್ದರೆ ಕೆಂಪನ್ನು ಪೂರ್ತಿ ಕೈಬಿಡುವುದೇ ಲೇಸು. ಬೆಳಕು ಕುಗ್ಗಿದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ–ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಇದನ್ನು ಗುರುತಿಸಿದ 19ನೇ ಶತಮಾನದ ವಿಜ್ಞಾನಿಯ ಹೆಸರಿನಿಂದ ಇದಕ್ಕೆ ಪುರ್ಕಿನ್ಯೆ ಪರಿಣಾಮ ಎನ್ನುತ್ತಾರೆ. ಕಣ್ಣು ಕುಕ್ಕುವ ಫ್ಲೋರೊಸೆಂಟ್ ಬಣ್ಣಗಳಿಗೆ ಆ ಹೊಳಪು ಬರುವುದು ಹಗಲು ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಿಂದ, ಹಾಗಾಗಿ ಕತ್ತಲಾದ ಮೇಲೆ ವಾಹನದ ದೀಪಕ್ಕೆ ಅವು ಮಿಂಚುವುದಿಲ್ಲ. ಕತ್ತಲೆಗೆ ಬೇಕಾದದ್ದು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಪ್ರತಿಫಲನ ಟೇಪು. ಅದನ್ನು ಅಕ್ಷರಗಳಿಗಿಂತ ಫಲಕದ ಅಂಚಿಗೆ ಸುತ್ತ ಅಂಟಿಸಿದರೆ ಸವಾರನ ಇರವೂ ದೂರದಿಂದಲೇ ತಿಳಿಯುತ್ತದೆ.

ಎಲ್ಲಿ ಕಟ್ಟುವುದು, ಹೇಗೆ ಕಟ್ಟುವುದು

ಸೈಕಲ್ಲಿನ ಚೌಕಟ್ಟಿನ ನಡುವಿರುವ ತ್ರಿಕೋನವೇ ಫಲಕಕ್ಕೆ ಅತ್ಯುತ್ತಮ ಸ್ಥಳ. ಅದು ಸವಾರನ ಕಾಲುಗಳ ನಡುವೆ ಒಂದೇ ಸಮತಲದಲ್ಲಿದೆ, ತೂಕ ಕೆಳಗೆ ಉಳಿಯುತ್ತದೆ, ಮುಂದಿನ ಗಾಳಿಗೆ ಅಂಚು ಮಾತ್ರ ಸಿಗುತ್ತದೆ. ಮೊದಲು ಹಳೆಯ ಪತ್ರಿಕೆಯ ಹಾಳೆಯನ್ನು ತ್ರಿಕೋನದ ಮೇಲೆ ಹಿಡಿದು ಕೊಳವೆಗಳ ಒಳ ಅಂಚನ್ನು ಬೆರಳಿನಿಂದ ಒತ್ತಿ ಗುರುತು ಮಾಡಿಕೊಳ್ಳಬೇಕು. ಮೇಲಿನ ಅಂಚನ್ನು ಗುರುತಿನಂತೆಯೇ ಉಳಿಸಿಕೊಂಡು, ಉಳಿದೆರಡು ಬದಿಗಳಲ್ಲಿ ಎರಡು ಸೆಂ.ಮೀ. ಒಳಕ್ಕೆ, ಪೆಡಲಿನ ಅಚ್ಚು ಇರುವ ಕೆಳಮೂಲೆಯಲ್ಲಿ ಇನ್ನೂ ಹೆಚ್ಚು ಒಳಕ್ಕೆ ಕತ್ತರಿಸಬೇಕು. ಎಡ ಮತ್ತು ಬಲ ಮುಖಗಳ ತ್ರಿಕೋನಗಳು ಒಂದಕ್ಕೊಂದು ಕನ್ನಡಿಯ ಬಿಂಬಗಳು ಎಂಬುದು ಕತ್ತರಿಸುವ ಭರದಲ್ಲಿ ಮರೆತುಹೋಗುತ್ತದೆ. ಮಾದರಿಯ ಎರಡೂ ಬದಿಗೆ ‘ಎಡ’, ‘ಬಲ’ ಎಂದು ಬರೆದಿಟ್ಟುಕೊಳ್ಳುವುದು ಕ್ಷೇಮ.

ಪ್ಲಾಸ್ಟಿಕ್ ಹಾಳೆಯಾದರೆ ಎರಡು ಮುಖಗಳನ್ನು ಒಂದೇ ತುಂಡಿನಲ್ಲಿ ಮಾಡುವ ಸೊಗಸಾದ ವಿಧಾನವಿದೆ. ಹಾಳೆಯೊಳಗಿನ ಕೊಳವೆಸಾಲುಗಳು ಸೈಕಲ್ಲಿನ ಮೇಲ್ಕೊಳವೆಗೆ ಸಮಾನಾಂತರವಾಗಿ ಬರುವಂತೆ ಇಟ್ಟು, ಎರಡು ತ್ರಿಕೋನಗಳೂ ಮೇಲಂಚಿನಲ್ಲಿ ಕೂಡಿಕೊಂಡಿರುವಂತೆ, ನಡುವೆ ಮೇಲ್ಕೊಳವೆಯನ್ನು ಬಳಸಿ ಹೋಗುವಷ್ಟು ಅಗಲದ ಪಟ್ಟಿ ಬಿಟ್ಟು ಕತ್ತರಿಸಬೇಕು. ಆ ಪಟ್ಟಿಯ ಎರಡೂ ಅಂಚಿನಲ್ಲಿ, ಕೊಳವೆಸಾಲಿನ ಗುಂಟ, ಹಾಳೆಯ ಹೊರಪದರವನ್ನಷ್ಟೇ ಚೂರಿಯಿಂದ ಸೀಳಿದರೆ ಒಳಪದರ ಬಿಜಾಗರಿಯಾಗಿ ಉಳಿಯುತ್ತದೆ. ಅದನ್ನು ಮೇಲ್ಕೊಳವೆಯ ಮೇಲೆ ಕವುಚಿ, ಕೆಳಗೆ ಎರಡೂ ಮುಖಗಳನ್ನು ಸೇರಿಸಿ ಇಳಿಜಾರಿನ ಕೊಳವೆಗೆ ಎರಡು ಟೈಗಳಿಂದ ಕಟ್ಟಿದರೆ ಫಲಕ ಅಲುಗುವುದೇ ಇಲ್ಲ. ಬ್ರೇಕಿನ, ಗೇರಿನ ವೈರುಗಳು ಮೇಲ್ಕೊಳವೆಯ ಮೇಲೆ ಹೊರಗಡೆ ಹಾದುಹೋಗಿದ್ದರೆ ಪಟ್ಟಿಯನ್ನು ಬಿಗಿಯಾಗಿ ಕೂರಿಸಬಾರದು. ಟೈ ವೈರಿನ ಮೇಲೆ ಬಿದ್ದರೆ ಬ್ರೇಕು ಹಿಡಿದುಕೊಳ್ಳುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ.

ತ್ರಿಕೋನದಲ್ಲಿ ಮೇಲಿನ ಸಾಲಿಗೆ ಜಾಗ ಹೆಚ್ಚು, ಕೆಳಗೆ ಕಡಿಮೆ. ಉದ್ದದ ಪದ ಮೇಲೆ, ಚಿಕ್ಕದು ಕೆಳಗೆ ಬರುವಂತೆ ಮಾತನ್ನು ಒಡೆಯಬೇಕು. ಚೌಕಟ್ಟು ಚಿಕ್ಕದಾಗಿದ್ದರೆ ಅಕ್ಷರ 7 ಸೆಂ.ಮೀ.ಗೆ ಇಳಿದರೂ ಚಿಂತೆಯಿಲ್ಲ, ಏಕೆಂದರೆ ಪಕ್ಕದ ಫಲಕವನ್ನು ಹತ್ತಿರದಿಂದಲೇ ಓದುತ್ತಾರೆ. ಮೇಲ್ಕೊಳವೆ ಇಲ್ಲದ, ಕಾಲು ದಾಟಿಸಲು ತಗ್ಗಾಗಿರುವ ಸೈಕಲ್ಲುಗಳಲ್ಲಿ ಈ ಜಾಗ ಸಿಗುವುದಿಲ್ಲ. ಅಲ್ಲಿ ಕ್ಯಾರಿಯರಿನ ಎರಡೂ ಪಕ್ಕಕ್ಕೆ ಚಿಕ್ಕ ಫಲಕಗಳನ್ನು ಕಟ್ಟಬಹುದು, ಹಿಮ್ಮಡಿ ತಾಗದಷ್ಟು ಹಿಂದಕ್ಕೆ.

ಹಿಂದಿನ ಫಲಕವನ್ನು ಕ್ಯಾರಿಯರಿನ ಮೇಲೆ ನೆಟ್ಟಗೆ ನಿಲ್ಲಿಸುವುದಾದರೆ ಅದರ ಅಗಲ ಹ್ಯಾಂಡಲ್ಲಿನ ಅಗಲವನ್ನು ಮೀರಬಾರದು, ಹಿಂದಿನ ದೀಪವನ್ನೂ ಪ್ರತಿಫಲಕವನ್ನೂ ಮುಚ್ಚಬಾರದು, ಎತ್ತರ ಸೀಟಿಗಿಂತ ಹೆಚ್ಚು ಮೇಲೇರಬಾರದು. ಸವಾರ ಕಾಲನ್ನು ಹಿಂದಿನಿಂದ ಬೀಸಿ ಹತ್ತುವವನಾದರೆ ಎತ್ತರದ ಫಲಕಕ್ಕೆ ಕಾಲು ತಗುಲಿ ಹೊರಡುವ ಮೊದಲೇ ಬೀಳುತ್ತಾನೆ. ಇದಕ್ಕಿಂತ ನನಗೆ ಒಪ್ಪಿಗೆಯಾಗುವುದು ಬೆನ್ನಿನ ಬಟ್ಟೆ. ಸುಮಾರು 35 ಸೆಂ.ಮೀ. ಚೌಕದ ಬಟ್ಟೆಗೆ ನಾಲ್ಕು ಮೂಲೆಗಳಲ್ಲಿ ಲಾಡಿ ಹೊಲಿದು, ಮೇಲಿನವನ್ನು ಭುಜದ ಮೇಲಿಂದ, ಕೆಳಗಿನವನ್ನು ಸೊಂಟದ ಸುತ್ತ ತಂದು ಕಟ್ಟಿದರೆ ಅದು ವಾಹನ ಚಾಲಕನ ಕಣ್ಣಿನ ಎತ್ತರಕ್ಕೇ ಬರುತ್ತದೆ. ಸವಾರಿಯಲ್ಲಿ ಬೆನ್ನು ಮುಂದಕ್ಕೆ ಬಾಗುವುದರಿಂದ ಬರಹ ಬಟ್ಟೆಯ ಕೆಳಭಾಗದಲ್ಲಿದ್ದಷ್ಟೂ ಹಿಂದಿನವರಿಗೆ ನೇರವಾಗಿ ಕಾಣುತ್ತದೆ. ಮೇಲಿನ ಅಂಚಿನಲ್ಲಿದ್ದದ್ದು ಆಕಾಶ ನೋಡುತ್ತದೆ. ಲಾಡಿಯ ತುದಿಗಳನ್ನು ಒಳಗೆ ಸಿಕ್ಕಿಸದೆ ಬಿಟ್ಟರೆ ಚಕ್ರದ ಕಡ್ಡಿಗೆ ಸುತ್ತಿಕೊಳ್ಳುವ ಅಪಾಯವಿದೆ.

ಹ್ಯಾಂಡಲ್ಲಿಗೆ ಫಲಕ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಕಟ್ಟಲೇಬೇಕೆಂದರೆ ಎರಡು ಅಂಗೈಯಗಲಕ್ಕಿಂತ ಹೆಚ್ಚಿರಬಾರದು, ಮುಂದಿನ ಬುಟ್ಟಿ ಇದ್ದರೆ ಅದರ ಮುಖಕ್ಕೇ ಕಟ್ಟಬೇಕು. ಗಾಳಿಯ ಲೆಕ್ಕವೇ ಇದಕ್ಕೆ ಕಾರಣ. 60ಕ್ಕೆ 45 ಸೆಂ.ಮೀ. ಹಲಗೆ ಗಾಳಿಗೆ ಎದೆಯೊಡ್ಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗಿದರೆ ಅದರ ಮೇಲೆ ಬೀಳುವ ಒತ್ತಡ ಸುಮಾರು 600 ಗ್ರಾಂ ತೂಕಕ್ಕೆ ಸಮ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುತ್ತದೆ. ಅಷ್ಟೇ ವೇಗದ ಎದುರುಗಾಳಿ ಸೇರಿಕೊಂಡರೆ ಅದು ಎರಡು ಕಿಲೋ ದಾಟುತ್ತದೆ. ಇಷ್ಟು ಬಲ ಹ್ಯಾಂಡಲ್ಲಿನ ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಬಿದ್ದಾಗ ಹಲಗೆ ಹಾಯಿಪಟದಂತೆ ವರ್ತಿಸಿ ಚಕ್ರವನ್ನು ತಾನೇ ತಿರುಗಿಸುತ್ತದೆ. ಮುಂದಿನ ಚಕ್ರದ ಕಡ್ಡಿಗಳಿಗೆ ರಟ್ಟಿನ ಬಿಲ್ಲೆ ಕಟ್ಟಿದಾಗಲೂ ಅಡ್ಡಗಾಳಿಗೆ ಇದೇ ಗತಿ. ಬಿಲ್ಲೆಯ ಅಲಂಕಾರ ಬೇಕೆಂದಿದ್ದರೆ ಹಿಂದಿನ ಚಕ್ರಕ್ಕೆ ಮಾತ್ರ, ಅದೂ ಕಡ್ಡಿಗಳ ನಡುವೆ ಹೆಣೆದು ಬಿಗಿಯಾಗಿ. ಹಲಗೆಗೆ ನಾಲ್ಕು ತೂತು ಕೊರೆದರೆ ಗಾಳಿ ಹಾದುಹೋಗುತ್ತದೆಂಬ ನಂಬಿಕೆ ಬಹಳ ಇದೆ. ಕೊರೆದ ಜಾಗದಷ್ಟು ಮಾತ್ರ ಒತ್ತಡ ಇಳಿಯುವುದರಿಂದ ಅದು ಲೆಕ್ಕಕ್ಕೆ ಬರುವಷ್ಟಲ್ಲ. ಹಲಗೆಯನ್ನೇ ಚಿಕ್ಕದು ಮಾಡುವುದು ಸರಿಯಾದ ಉಪಾಯ.

ಸವಾರಿ ಮಾಡುತ್ತಾ ಕೈಯಲ್ಲಿ ಫಲಕ ಹಿಡಿಯುವುದನ್ನು ಜಾಥಾದ ಸಂಘಟಕರು ಸ್ಪಷ್ಟವಾಗಿ ನಿಷೇಧಿಸಬೇಕು. ಗುಂಪಿನಲ್ಲಿ ಎರಡೂ ಬ್ರೇಕುಗಳ ಮೇಲೆ ಎರಡೂ ಕೈಗಳಿರಲೇಬೇಕು. ಬಾವುಟ ಬೇಕೆಂದರೆ ಬಾಗುವ ತೆಳುಕಡ್ಡಿಗೆ ಕಟ್ಟಿ ಹಿಂದಿನ ಚಕ್ರದ ಅಚ್ಚಿನ ಬಳಿ ನೆಟ್ಟಗೆ ನಿಲ್ಲಿಸಿ, ತುದಿಗೆ ರಬ್ಬರಿನ ಗುಂಡು ಸಿಕ್ಕಿಸಬೇಕು, ಏಕೆಂದರೆ ಆ ತುದಿ ಹಿಂದಿನ ಸವಾರನ ಮುಖದ ಎತ್ತರದಲ್ಲಿರುತ್ತದೆ.

ಪಕ್ಕದ ಫಲಕಗಳನ್ನು ಯಾರಿಗೆ ಕೊಡಬೇಕೆಂಬುದನ್ನೂ ಯೋಚಿಸಬೇಕು. ಇಬ್ಬರು ಮೂವರು ಜೊತೆಜೊತೆಯಾಗಿ ಸಾಗುವಾಗ ನಡುವಿನವರ ತ್ರಿಕೋನ ಯಾರಿಗೂ ಕಾಣುವುದಿಲ್ಲ. ಅಂಚಿನಲ್ಲಿ ಸಾಗುವವರಿಗೆ ಚೌಕಟ್ಟಿನ ಫಲಕ, ನಡುವಿನವರಿಗೆ ಬೆನ್ನಿನ ಬಟ್ಟೆ, ಕೊನೆಯ ಸಾಲಿನ ಅನುಭವಿಗಳಿಗೆ ಕ್ಯಾರಿಯರಿನ ದೊಡ್ಡ ಫಲಕ ಎಂದು ಹಂಚಿದರೆ ಒಂದೂ ವ್ಯರ್ಥವಾಗದು. ಮಕ್ಕಳಿಗೆ ಬೆನ್ನಿನ ಬಟ್ಟೆಯೊಂದೇ ಸಾಕು.

ದಾರಿ ತೋರುವ ಬಾಣಗಳು

ಜಾಥಾದ ದಾರಿಯಲ್ಲಿ ತಿರುವುಗಳಿದ್ದರೆ ಬಾಣದ ಫಲಕಗಳೂ ಬೇಕಾಗುತ್ತವೆ. ತಿರುವಿಗೆ 50 ಮೀಟರ್ ಮೊದಲು ಒಂದು, ತಿರುವಿನಲ್ಲೇ ಒಂದು, ತಿರುಗಿದ ಮೇಲೆ ‘ಸರಿದಾರಿ’ ಎಂದು ಭರವಸೆ ಕೊಡಲು ಇನ್ನೊಂದು. ಗಂಟೆಗೆ 18 ಕಿ.ಮೀ. ವೇಗದಲ್ಲಿ ಬರುವವರಿಗೆ 50 ಮೀಟರ್ ಎಂದರೆ ಹತ್ತು ಸೆಕೆಂಡು, ಕೈಸನ್ನೆ ಮಾಡಿ ಬದಿಗೆ ಸರಿಯಲು ಅಷ್ಟು ಬೇಕು. ಫಲಕದಲ್ಲಿ ದಪ್ಪನೆಯ ಬಾಣವೂ ಚಿಕ್ಕ ಸೈಕಲ್ ಚಿತ್ರವೂ ಇದ್ದರೆ ಸಾಕು, ಅಕ್ಷರ ಬೇಡ. ಇವು ಸರ್ಕಾರಿ ಸಂಚಾರ ಫಲಕಗಳ ಆಕಾರ, ಬಣ್ಣಗಳನ್ನು ಹೋಲಬಾರದು. ಎಂಟು ಮೂಲೆಯ ಕೆಂಪು ಹಲಗೆಯ ಮೇಲೆ ‘ನಿಲ್ಲಿ’ ಎಂದು ಬರೆದರೆ ಜಾಥಾಕ್ಕೆ ಸಂಬಂಧವಿಲ್ಲದ ವಾಹನಗಳೂ ಗೊಂದಲಕ್ಕೀಡಾಗುತ್ತವೆ. ಮರಕ್ಕೆ ಮೊಳೆ ಹೊಡೆಯದೆ, ಇರುವ ಸಂಚಾರ ಫಲಕಗಳನ್ನು ಮರೆಮಾಡದೆ, ಸ್ಥಳೀಯ ಆಡಳಿತದ ಅನುಮತಿ ಪಡೆದೇ ಇವನ್ನು ನಿಲ್ಲಿಸಬೇಕು. ಪ್ರತಿಯೊಂದರ ಹಿಂಬದಿಗೆ ಕ್ರಮಸಂಖ್ಯೆ ಬರೆದು, ಎಲ್ಲಿ ನಿಲ್ಲಿಸಿದೆ ಎಂದು ಪಟ್ಟಿ ಮಾಡಿಟ್ಟರೆ ಆಮೇಲೆ ಒಂದೂ ದಾರಿಯಲ್ಲಿ ಉಳಿಯುವುದಿಲ್ಲ.

ಹೊರಡುವ ಮುನ್ನ, ಮುಗಿದ ಮೇಲೆ

ಫಲಕ ಕಟ್ಟಿದ ಪ್ರತಿ ಸೈಕಲ್ಲನ್ನೂ ಜಾಥಾದ ಹಿಂದಿನ ದಿನವೇ ಪರೀಕ್ಷಿಸಬೇಕು. ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಪೆಡಲನ್ನು ಹಿಂದಕ್ಕೆ ಪೂರ್ತಿ ಒಂದು ಸುತ್ತು ತಿರುಗಿಸಿ, ಫಲಕದ ಯಾವ ಮೂಲೆಯೂ ಪೆಡಲಿನ ಕೈಗಾಗಲಿ ಚೈನಿಗಾಗಲಿ ತಾಗುವುದಿಲ್ಲವೆಂದು ನೋಡಬೇಕು. ಹ್ಯಾಂಡಲ್ಲನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದಾಗ ವೈರುಗಳು ಎಳೆದುಕೊಳ್ಳಬಾರದು. ಎರಡೂ ಬ್ರೇಕುಗಳನ್ನು ಒತ್ತಿ ಬಿಟ್ಟಾಗ ಅವು ತಕ್ಷಣ ಹಿಂದಿರುಗಬೇಕು. ಟೈಗಳ ಹೆಚ್ಚುವರಿ ತುದಿಯನ್ನು ಬುಡಕ್ಕೆ ಸಮನಾಗಿ ಕತ್ತರಿಸಿ, ಗಂಟಿನ ಭಾಗ ಕಾಲಿನ ಕಡೆಗೆ ಬಾರದಂತೆ ಒಳಕ್ಕೆ ತಿರುಗಿಸಬೇಕು, ಏಕೆಂದರೆ ಓರೆಯಾಗಿ ಕತ್ತರಿಸಿದ ತುದಿ ಮೀನಖಂಡವನ್ನು ಬ್ಲೇಡಿನಂತೆ ಕೊಯ್ಯುತ್ತದೆ. ಆಮೇಲೆ ಸವಾರ ಹತ್ತಿ, ಒಂದು ಸಣ್ಣ ಸುತ್ತು ಹೋಗಿ, ಗಟ್ಟಿಯಾಗಿ ಬ್ರೇಕು ಹಾಕಿ ನೋಡಲಿ. ಅದೇ ಹೊತ್ತಿಗೆ, ಮಾತು ಏನೆಂದು ಮೊದಲೇ ತಿಳಿಯದ ಒಬ್ಬರನ್ನು 20 ಮೀಟರ್ ದೂರದಲ್ಲಿ ನಿಲ್ಲಿಸಿ, ಸೈಕಲ್ ಹಾದುಹೋದ ಮೇಲೆ ಏನು ಓದಿದಿರೆಂದು ಕೇಳಬೇಕು. ಫಲಕ ಬರೆದವರು ಇದಕ್ಕೆ ಸಾಕ್ಷಿಯಾಗಲಾರರು, ಅವರ ಕಣ್ಣಿಗೆ ಅಕ್ಷರ ಅಳಿಸಿಹೋದರೂ ಮಾತು ಕಾಣುತ್ತದೆ.

ಜಾಥಾದ ದಿನ ಗಾಳಿ ರಭಸವಾಗಿದ್ದು ಮರಗಳ ಕೊಂಬೆಗಳೇ ತೂಗಾಡುತ್ತಿದ್ದರೆ ಚೌಕಟ್ಟಿನ ಮತ್ತು ಕ್ಯಾರಿಯರಿನ ಫಲಕಗಳನ್ನು ಬಿಚ್ಚಿಟ್ಟು ಬೆನ್ನಿನ ಬಟ್ಟೆಗಳೊಂದಿಗೆ ಮಾತ್ರ ಹೊರಡಬೇಕು. ಇದಕ್ಕಾಗಿಯೇ ಬಟ್ಟೆಯ ಫಲಕಗಳನ್ನು ಯಾವಾಗಲೂ ಸ್ವಲ್ಪ ಹೆಚ್ಚಾಗಿ ಮಾಡಿಟ್ಟುಕೊಂಡಿರಬೇಕು.

ಫಲಕಗಳ ಮೇಲೆ ದಿನಾಂಕವನ್ನಾಗಲಿ ವರ್ಷವನ್ನಾಗಲಿ ಬರೆಯದಿದ್ದರೆ ಅವು ಮತ್ತೆ ಬಳಕೆಗೆ ಬರುತ್ತವೆ. ಜೂನ್ 3ನ್ನು ವಿಶ್ವ ಸೈಕಲ್ ದಿನವೆಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2018ರಲ್ಲಿ ಘೋಷಿಸಿದ ಮೇಲೆ ಪ್ರತಿವರ್ಷ ಅದೇ ದಿನ ಜಾಥಾ ನಡೆಸುವ ಗುಂಪುಗಳಿವೆ. ಅಂಥವರು ವರ್ಷದ ಅಂಕಿಯನ್ನು ಬೇರೆಯೇ ಚಿಕ್ಕ ಪಟ್ಟಿಯಲ್ಲಿ ಬರೆದು ಅಂಟಿಸಿ ತೆಗೆಯಬಹುದು. ಪ್ಲಾಸ್ಟಿಕ್ ಹಾಳೆಗಳನ್ನು ಬಿಸಿಲಿಲ್ಲದ ಕಡೆ ಚಪ್ಪಟೆಯಾಗಿ, ಬರಹದ ಮುಖಗಳು ಒಂದಕ್ಕೊಂದು ಅಂಟದಂತೆ ನಡುವೆ ಪತ್ರಿಕೆಯ ಹಾಳೆ ಹಾಕಿ ಇಡಬೇಕು. ಬಟ್ಟೆಗಳನ್ನು ಮಡಿಸುವ ಬದಲು ಸುರುಳಿ ಸುತ್ತಿದರೆ ಬಣ್ಣ ಮಡಿಕೆಯಲ್ಲಿ ಬಿರಿಯುವುದಿಲ್ಲ. ಕತ್ತರಿಸಿ ತೆಗೆದ ಟೈಗಳ ತುಂಡುಗಳನ್ನು ಆಯಾ ಸವಾರರೇ ಒಂದು ಡಬ್ಬಿಗೆ ಹಾಕಿ ಹೋಗುವ ಏರ್ಪಾಡಿರಲಿ, ಕೊಯ್ದ ಟೈ ನೆಲದ ಮೇಲೆ ಬಿದ್ದರೆ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.